ಸಾಂಬಾರಿಗೂ ಒಂದು ಅಂಕಿ ಕೊಡಿ

ಭದ್ರಾವತಿ ನ್ಯೂ ಟೌನಿನ ಯಜ್ಞ ವಿಲಾಸ ಕಾಫಿ ತಿಂಡಿ ಹೋಟೆಲಿನ ಮಾಲೀಕರಾದ ಶ್ರೀಮಾನ್ ಯಜ್ಞನಾರಾಯಣರಾಯರ ಸನ್ನಿಧಿಗೆ,

ಮಾನ್ಯರೇ,

ದಸರೆಯ ಊಟಕ್ಕೆ ಕರೆದೊಯ್ಯಲು ಮೈಸೂರಿನ ಅರಮನೆಯಿಂದ ಎರಡು ಸಲ ಆನೆ ಬಂದಾಗಲೂ, ಕಟ್ಟಲು ಕೊಟ್ಟಿಗೆಯಲ್ಲಿ ಜಾಗವಿಲ್ಲವೆಂದು ವಾಪಸು ಕಳಿಸಿದ ಆಯನೂರಿನ ಓಂಕಾರಪ್ಪನು ಬಗ್ಗಿ ಮಾಡುವ ನಮಸ್ಕಾರಗಳು. ತಮ್ಮಲ್ಲಿ ತಿಂಡಿ ತಿಂದ ಮೇಲೆ ನಿಜವಾಗಿ ಬಗ್ಗಲು ಆಗುತ್ತಿಲ್ಲವಾದ್ದರಿಂದ ಬರವಣಿಗೆಯಲ್ಲೇ ಬಗ್ಗಿದ್ದೇನೆ.

ಶಿವಮೊಗ್ಗೆಯ ಆರೋಗ್ಯ ಪ್ರದರ್ಶನಕ್ಕೆ ಹೋಗಿಬಂದ ತಾವು, ತಿಂಡಿಯ ಬೋರ್ಡಿನಲ್ಲಿ ಬೆಲೆಯ ಪಕ್ಕಕ್ಕೆ ಕ್ಯಾಲೊರಿ ಎಂಬ ಹೊಸ ಸಾಲನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದೀರಿ. ಯಾವ ತಿಂಡಿಯಿಂದ ಮೈಗೆ ಎಷ್ಟು ಕಸುವು ಎಂಬುದನ್ನು ಗಿರಾಕಿ ತಿಳಿಯಲಿ ಎಂಬ ತಮ್ಮ ದಯೆಗೆ ಏನೆನ್ನಲಿ! ನಯಾಪೈಸೆಯೇ ಇನ್ನೂ ಕೈಗೆ ಒಗ್ಗದ ಈ ಕಾಲದಲ್ಲಿ ನಮ್ಮೂರಿನ ಉಜ್ಜನಪ್ಪ ಆ ಕೆಂಪು ಅಂಕಿಯನ್ನೇ ಬೆಲೆಯೆಂದು ಓದಿ, "ಇಡ್ಲಿಗೆ ಅರವತ್ತು ಪೈಸೇನಾ, ಇದೇನು ಬೆಳ್ಳಿ ಇಡ್ಲಿನಾ ಮಾರಾಯ್ರೇ?" ಎಂದು ನೀರು ಮಾತ್ರ ಕುಡಿದು ಬಸ್ಸು ಹತ್ತಿದ. ಅವನೇ ಜಾಣ.

ನಾನು ಕೂತೆ. ಇಡೀ ಸೀಮೆಯಲ್ಲಿ ತಿನ್ನುವ ಪಂದ್ಯದಲ್ಲಿ ಒಮ್ಮೆಯೂ ಸೋಲದವನೆಂಬ ನನ್ನ ಹೆಸರನ್ನು ಕಸಿಯಲು ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡುವ ನಾಗಯ್ಯ ಎದುರಿಗೆ ಕೂತ. ಯಾರು ಹೆಚ್ಚು ತಿನ್ನುತ್ತಾರೋ ಅವರೇ ಗೆದ್ದಂತೆ, ಸೋತವನು ಬಾಜಿಯ ದುಡ್ಡಿನ ಜೊತೆಗೆ ಇಬ್ಬರ ಬಿಲ್ಲನ್ನೂ ಕೊಡತಕ್ಕದ್ದು, ತೀರ್ಪು ತಮ್ಮದು. ನಾನು ರೂಢಿಯಂತೆ ಹದಿನೆಂಟು ಇಡ್ಲಿಗಳನ್ನು ಬೆವರು ಸುರಿಸಿ ಒಳಗೆ ಇಳಿಸುತ್ತಿದ್ದರೆ, ಆ ಪುಣ್ಯಾತ್ಮ ಐದೇ ಐದು ಮೈಸೂರು ಪಾಕು ತಿಂದು, ಬಾಯಿ ಒರೆಸಿಕೊಂಡು ಪೇಪರು ಓದುತ್ತ, "ನೀವು ನಿಧಾನಕ್ಕೆ ತಿನ್ನಿ ಅಣ್ಣಾ, ನನಗೇನೂ ಅವಸರ ಇಲ್ಲ" ಅಂದ. ನಾನು ಗೆದ್ದೆನೆಂದು ಮೀಸೆ ತಿರುವುವಷ್ಟರಲ್ಲಿ ಅವನು ಬೋರ್ಡಿಗೆ ಬೆರಳು ತೋರಿಸಿದ. ಇಡ್ಲಿಗೆ ಅರವತ್ತರಂತೆ ನನ್ನದು ಸಾವಿರದ ಎಂಬತ್ತು, ಪಾಕಿಗೆ ಇನ್ನೂರೈವತ್ತರಂತೆ ಅವನದು ಸಾವಿರದ ಇನ್ನೂರೈವತ್ತು. ಧರ್ಮಾತ್ಮರಾದ ತಾವು ಕನ್ನಡಕ ಏರಿಸಿ, ಬೋರ್ಡು ಹೇಳಿದ ಮೇಲೆ ಮುಗಿಯಿತೆಂದು ಅವನ ಕೈ ಎತ್ತಿದಿರಿ.

ಸ್ವಾಮಿ, ನಾನೂ ನಾಲ್ಕನೇ ಇಯತ್ತೆ ಓದಿದವನು, ಕೂಡುವ ಲೆಕ್ಕ ಬಲ್ಲೆ. ಆ ಇಡ್ಲಿಗಳ ಜೊತೆಗೆ ಒಂಬತ್ತು ಬಟ್ಟಲು ಸಾಂಬಾರು ಕುಡಿದದ್ದನ್ನು ಹೋಟೆಲಿಗೆ ಹೋಟೆಲೇ ನೋಡಿದೆ. ಬಟ್ಟಲಿಗೆ ಇಪ್ಪತ್ತೇ ಕ್ಯಾಲೊರಿ ಹಾಕಿದರೂ ಗೆಲುವು ನನ್ನದು. ಆದರೆ ತಾವು ಸಾಂಬಾರನ್ನು ಪುಕ್ಕಟೆ ಬಡಿಸುವುದರಿಂದ ಅದು ಬೋರ್ಡಿನಲ್ಲೇ ಇಲ್ಲ! ಕೇಳಿದ್ದಕ್ಕೆ, "ಮಾರದೇ ಇರೋ ಪದಾರ್ಥಕ್ಕೆ ನಾನು ಕ್ಯಾಲೊರಿ ಎಲ್ಲಿಂದ ತರ್ಲಿ ಮಾರಾಯ್ರೇ?" ಎಂದಿರಿ. ಬೇಳೆಗೆ ದುಡ್ಡು ಇಸಿದುಕೊಂಡರೆ ಕಸುವು, ಇಸಿದುಕೊಳ್ಳದಿದ್ದರೆ ಬರೀ ನೀರು ಎಂಬ ಈ ಶಾಸ್ತ್ರವನ್ನು ಕಂಡುಹಿಡಿದ ತಮ್ಮ ಬುದ್ಧಿಗೆ ಶಾಲು ಹೊದಿಸಬೇಕು.

ಮನೆಯಲ್ಲಿ ನನ್ನ ಧರ್ಮಪತ್ನಿ ದಾಕ್ಷಾಯಣಮ್ಮ, "ಹಸ್ಕೊಂಡು ಸೋತೋರನ್ನ ನೋಡಿದೀನಿ, ಹೊಟ್ಟೆ ಬಿರಿಯೋ ಹಾಗೆ ತಿಂದು ಸೋತೋರು ನೀವೇ ಮೊದಲು" ಎನ್ನುತ್ತಾಳೆ. ಮದುವೆಮನೆಗಳಲ್ಲಿ ನನ್ನ ಎಲೆಯ ಮುಂದೆ ನೆರೆಯುತ್ತಿದ್ದ ಜನ ಈಗ ನಾಗಯ್ಯನ ಎಲೆ ಎಲ್ಲಿ ಎಂದು ಕೇಳುತ್ತಾರೆ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ಸಾಂಬಾರಿಗೆ ಪಂದ್ಯ ನಡೆದ ಆ ಭಾನುವಾರದಿಂದಲೇ ಅನ್ವಯವಾಗುವಂತೆ ಒಂದು ಅಂಕಿ ಬರೆಸತಕ್ಕದ್ದು. ಅದು ಆಗದಿದ್ದರೆ, ಹದಿನೆಂಟು ಇಡ್ಲಿ ಅಗಿದ ದವಡೆಯ ಕೂಲಿಯನ್ನಾದರೂ ಕ್ಯಾಲೊರಿಯಲ್ಲಿ ಕಟ್ಟಿ ನನ್ನ ಲೆಕ್ಕಕ್ಕೆ ಸೇರಿಸತಕ್ಕದ್ದು. ಅದೂ ಕಷ್ಟವೆನಿಸಿದರೆ ನಾಗಯ್ಯನ ಹೊಟ್ಟೆಯಿಂದ ನೂರ ಎಪ್ಪತ್ತೊಂದು ಕ್ಯಾಲೊರಿಗಳನ್ನು ಮರ್ಯಾದೆಯಿಂದ ವಾಪಸು ತರಿಸತಕ್ಕದ್ದು. ತೂಕಕ್ಕೆ ನಾನೇ ತಕ್ಕಡಿ ತರುತ್ತೇನೆ.

ಇಂತಿ, ಅಂಕಿಯಿಲ್ಲದ ಸಾಂಬಾರಿನಲ್ಲಿ ಇನ್ನೂ ನಂಬಿಕೆ ಇಟ್ಟಿರುವ ತಮ್ಮ ವಿಶ್ವಾಸಿ,
ಓಂಕಾರಪ್ಪ, ಆಯನೂರು

ಮರೆತ ಮಾತು: ಈ ಪಂದ್ಯದಲ್ಲಿ ನಾನು ಒಂದು ಜೊತೆ ಎತ್ತಿನ ಬೆಲೆ ಕಳೆದುಕೊಂಡೆನೆಂದು ಸುದ್ದಿಯಿದೆ. ಹಬ್ಬಿಸಿದವನು ನಾನೇ, ಅಷ್ಟು ದೊಡ್ಡ ಹೊಟ್ಟೆಗೆ ಸಣ್ಣ ನಷ್ಟ ಶೋಭಿಸುವುದಿಲ್ಲ. ಪತ್ರಿಕೆಗೂ ಒಂದು ಪ್ರತಿ ಕಳಿಸಿರುವ ಈ ಕಾಗದ ಅಚ್ಚಾಗಿ ಬಂದರೆ ದಾಕ್ಷಾಯಣಮ್ಮ ಓದಿಸಿಕೊಂಡು ಕೇಳುವಳಾದ್ದರಿಂದ ನಿಜ ಹೇಳಿಬಿಡುತ್ತೇನೆ: ನಾಗಯ್ಯನಿಗೆ ಬಾಜಿಯ ದುಡ್ಡು ಒಂದು ರೂಪಾಯಿ, ಮಿಕ್ಕದ್ದೆಲ್ಲ, ತೀರ್ಪು ಕೊಟ್ಟ ಕೈಯಿಂದಲೇ ಬಿಲ್ಲು ಬರೆದ ತಮ್ಮ ಗಲ್ಲಾಪೆಟ್ಟಿಗೆಗೆ. ಒಟ್ಟು ಎರಡು ರೂಪಾಯಿ ಅರವತ್ತೆಂಟು ನಯಾಪೈಸೆ.