ಚಾಲಕರೊಂದಿಗೆ ಮಾತನಾಡಬೇಡಿ

ನಾನು ಬಾಯಿಬಡಕಿ ಎಂದು ಕಂಪ್ಯೂಟರ್ ಹೇಳಿದೆ. ನೇರವಾಗಿ ಹೇಳಲು ಅದಕ್ಕೂ ಧೈರ್ಯ ಸಾಲಲಿಲ್ಲವೇನೋ, ‘ಬಹಿರ್ಮುಖಿ’ ಎಂದಿತು. ಮೊಮ್ಮಗಳು ಅದನ್ನು ಓದಿದಾಗ ಏನೋ ಬಿರುದು ಬಂತೆಂದು ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಅರ್ಥ ಕೇಳಿದ ಮೇಲೆ ಬೆನ್ನು ಮತ್ತೆ ಹಳೆಯ ಜಾಗಕ್ಕೆ ಹೋಯಿತು.

ಈ ಹುಡುಗಿ ಒಂದು ಕಂಪನಿಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ವಿಭಾಗದಲ್ಲಿದ್ದಾಳೆ. ಬಂದವರಿಗೆ ಒಂದು ರಾಶಿ ಪ್ರಶ್ನೆ ಕೇಳುವುದು, ಉತ್ತರವನ್ನೆಲ್ಲ ಕಂಪ್ಯೂಟರಿಗೆ ಉಣಿಸುವುದು. ಅದು ಅಗಿದು ನುಂಗಿ, ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರ ಉಗುಳುತ್ತದೆ. ಆ ನಾಲ್ಕು ಅಕ್ಷರವೇ ನೀವು. ಭೂಮಂಡಲದ ಸಮಸ್ತ ಮನುಷ್ಯರೂ ಸೇರಿ ಹದಿನಾರೇ ಬಗೆಯಂತೆ. (ನನ್ನ ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳೇ ಇದಕ್ಕಿಂತ ಹೆಚ್ಚು ಬಗೆಯವು ಇವೆ.)

ಮನೆಯಲ್ಲಿ ಎಲ್ಲರನ್ನೂ ಹೀಗೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಅವಳಪ್ಪ, ಅಂದರೆ ನನ್ನ ಮಗ, ‘ವ್ಯವಸ್ಥಾಪಕ’. ಅವನ ಕಾಲುಚೀಲದ ಜೋಡಿ ಹುಡುಕಿಕೊಡುವವಳು ನನ್ನ ಸೊಸೆ, ಅವಳು ‘ಕನಸುಗಾರ್ತಿ’. ಕೇಳಿ ನಗುತ್ತಾ ಇದ್ದೆ. ಆದರೆ ಸರದಿ ಕನ್ನಡಕದ ಹುಡುಗನಿಗೆ ಬಂದಾಗ ನನ್ನ ನಗು ನಿಂತಿತು.

ಅವನು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ನನ್ನ ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತುತ್ತಿದ್ದಾಗ ಬಿಸಿ ಮಾಡಿ, ಬಗ್ಗಿಸಿ, ಹಾಕಿ ನೋಡಿ, ಮತ್ತೆ ಬಗ್ಗಿಸಿದವನು. ಅಷ್ಟು ಹೊತ್ತೂ ನಾನು ನನ್ನ ಮಂಡಿನೋವಿನ ಚರಿತ್ರೆಯನ್ನು ಆದಿಯಿಂದ ಹೇಳಿದೆ. ಅವನು ಒಮ್ಮೆಯೂ ಗಡಿಯಾರ ನೋಡಲಿಲ್ಲ. ಇಂಥ ಹುಡುಗ ನನ್ನ ಮೊಮ್ಮಗಳನ್ನು ಮದುವೆಯಾಗುತ್ತೇನೆಂದು ಕೇಳಿದ್ದ, ಇವಳಿಗೂ ಮನಸ್ಸಿತ್ತು. ಆದರೆ ಪರೀಕ್ಷೆಯಲ್ಲಿ ಅವನು ‘ಅಂತರ್ಮುಖಿ’ ಎಂದು ಬಂದುಬಿಟ್ಟಿತು. ಯಾರಿಗೆ ಯಾರು ಸರಿ ಎಂಬ ಒಂದು ಬಣ್ಣದ ಚಿತ್ರಪಟವಿದೆಯಂತೆ, ಅದರಲ್ಲಿ ಇವರಿಬ್ಬರ ಅಕ್ಷರ ಸೇರುವ ಮನೆಗೆ ಕೆಂಪು ಬಣ್ಣ, ಅಂದರೆ ಹೊಂದದ ಜೋಡಿ. ಭಾನುವಾರ ಅವನನ್ನು ಕರೆದು ಬೇಡವೆಂದು ಹೇಳಿಬಿಡುತ್ತೇನೆ ಅಂದಳು.

“ಅವನು ಮಾತೇ ಆಡಲ್ಲ ಅಜ್ಜಿ. ನಾನು ಹೇಳ್ತಾನೇ ಇರ್ತೀನಿ, ಅವನು ಸುಮ್ನೆ ಕೂತಿರ್ತಾನೆ. ಮದುವೆ ಆದ್ಮೇಲೆ ಗೋಡೆ ಜೊತೆ ಸಂಸಾರ ಮಾಡಿದ ಹಾಗಾಗುತ್ತೆ.”

“ನಿಮ್ಮ ತಾತ ಏನು ಮಾಡ್ತಿದ್ರು ಅಂದ್ಕೊಂಡಿದ್ದೀಯ? ಸುಮ್ನೆ ಕೂತಿರ್ತಿದ್ರು. ನಾವು ಬಾಳಲಿಲ್ವಾ? ತಾತಂದೂ ಪರೀಕ್ಷೆ ಮಾಡು, ನೋಡೋಣ.”

“ಇಲ್ಲದವರಿಗೆಲ್ಲ ಪರೀಕ್ಷೆ ಮಾಡೋಕಾಗಲ್ಲ ಅಜ್ಜಿ. ಉತ್ತರ ಯಾರು ಕೊಡ್ತಾರೆ?”

“ಇದ್ದಾಗಲೂ ಅವರ ಉತ್ತರ ನಾನೇ ಕೊಡ್ತಿದ್ದೆ. ನೀನು ಕೇಳು.”

ನನ್ನ ಯಜಮಾನರು ಊರೊಳಗಿನ ಬಸ್ಸಿನ ಡ್ರೈವರ್ ಆಗಿದ್ದರು. ಮನೆಗೆ ಬಂದು ಕೈಕಾಲು ತೊಳೆದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ಬಾಯಿಂದ ಬರುತ್ತಿದ್ದದ್ದು ‘ಹೂಂ’ ಒಂದೇ. ಹೌದು ಎನ್ನುವುದಕ್ಕೊಂದು ಹೂಂ, ಬೇಡ ಎನ್ನುವುದಕ್ಕೊಂದು ಹೂಂ, ಆಮೇಲೇನಾಯಿತು ಎನ್ನುವುದಕ್ಕೆ ಕೊನೆಯಲ್ಲಿ ಸ್ವಲ್ಪ ಮೇಲೇರುವ ಹೂಂ. ಇದಕ್ಕೆಲ್ಲ ಕಾರಣ ಬಸ್ಸಿನಲ್ಲಿ ಅವರ ತಲೆಯ ಮೇಲೆ ಇದ್ದ ಬೋರ್ಡು ಎಂದೇ ನಾನು ನಂಬಿದ್ದೆ. ‘ಚಾಲಕರೊಂದಿಗೆ ಮಾತನಾಡಬೇಡಿ.’ ದಿನವಿಡೀ ಯಾರೂ ಮಾತನಾಡಿಸದಿದ್ದರೆ ಮನುಷ್ಯನಿಗೆ ಮಾತು ಮರೆತುಹೋಗದೆ ಇರುತ್ತದೆಯೇ? ಅಯ್ಯೋ ಪಾಪ ಎಂದು, ಅವರ ಪಾಲಿನದನ್ನೂ ಸೇರಿಸಿ ನಾನೇ ಮಾತಾಡುತ್ತಿದ್ದೆ.

ಮೊಮ್ಮಗಳು ಪ್ರಶ್ನೆ ಓದಿದಳು. ಹೊಸಬರ ಜೊತೆ ಬೇಗ ಬೆರೆಯುತ್ತೀರಾ? ಎಲ್ಲಿ ಬಂತು, ನಮ್ಮಣ್ಣ ಮನೆಗೆ ಬಂದರೇ ಅವರು ಪೇಪರ್ ಅಡ್ಡ ಹಿಡಿಯುತ್ತಿದ್ದರು. ಗುಂಪಿನಲ್ಲಿ ಎಲ್ಲರ ಕಣ್ಣು ನಿಮ್ಮ ಮೇಲಿದ್ದರೆ ಖುಷಿಯೇ? ಮದುವೆಯ ಫೋಟೋದಲ್ಲೇ ಅವರು ಅರ್ಧ ನನ್ನ ಹಿಂದಿದ್ದಾರೆ. ಹೀಗೆ ಎಲ್ಲಕ್ಕೂ ತಡವರಿಸದೆ ಉತ್ತರ ಕೊಟ್ಟೆ. ಕಂಪ್ಯೂಟರ್ ಸ್ವಲ್ಪ ಹೊತ್ತು ಮೆಲುಕು ಹಾಕಿ ಅಕ್ಷರ ಉಗುಳಿತು. ಅಂತರ್ಮುಖಿ. ಅಷ್ಟೇ ಅಲ್ಲ, ಕನ್ನಡಕದ ಹುಡುಗನ ಅವೇ ನಾಲ್ಕು ಅಕ್ಷರ.

ನಾನು ಗೆದ್ದೆ. ಈ ಅಕ್ಷರಗಳ ಜೊತೆಯೇ ನಾನು ಆಯುಷ್ಯ ಕಳೆದಿದ್ದೇನೆ, ನಿನ್ನ ಕೆಂಪು ಮನೆಯಲ್ಲೇ ಮೂರು ಮಕ್ಕಳನ್ನು ಸಾಕಿದ್ದೇನೆ ಎಂದೆ. ಹುಡುಗಿ ತುಟಿ ಕಚ್ಚಿಕೊಂಡು ಯೋಚನೆ ಮಾಡತೊಡಗಿದಳು. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಕಬ್ಬಿಣ ಬಗ್ಗುತ್ತಿತ್ತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಬಂದವರು ಕಂಡಕ್ಟರಣ್ಣ. ಯಜಮಾನರ ಬಸ್ಸಿನಲ್ಲೇ ಕೊನೆಯವರೆಗೂ ಟಿಕೆಟ್ ಹರಿದವರು. ಈಗಲೂ ಆಗಾಗ ಬಂದು, ಅದೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಟೀ ಕುಡಿದು ಹೋಗುತ್ತಾರೆ. ಸಾಕ್ಷಿ ತಾನಾಗಿ ನಡೆದು ಬಂದಿದೆ ಎಂದು ಹಿಗ್ಗಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಟೀಯನ್ನು ಸಾಸರಿಗೆ ಚೆಲ್ಲಿಕೊಂಡರು.

“ಮಾತಾಡದವನಾ? ಯಾರು ಅತ್ತಿಗೆ, ನಮ್ಮ ಡ್ರೈವರಾ?”

ಮೊಮ್ಮಗಳು ಕಂಪ್ಯೂಟರನ್ನು ಅವರತ್ತ ತಿರುಗಿಸಿದ ವೇಗ ನೋಡಬೇಕಿತ್ತು. ಅವೇ ಪ್ರಶ್ನೆಗಳು. ಹೊಸಬರ ಜೊತೆ ಬೆರೆಯುತ್ತಾರಾ? ಎರಡನೇ ಸ್ಟಾಪು ಬರುವಷ್ಟರಲ್ಲಿ ಅವರ ಮನೆ ಮಂದಿಯ ವಿಷಯವೆಲ್ಲ ಕೇಳಿರುತ್ತಿದ್ದ ಎಂದರು. ಗುಂಪಿನಲ್ಲಿ? ಖಾಲಿ ಬಸ್ಸು ಮುಂದೆ ಹೋದರೆ ಹೋಗಲಿ ಎಂದು ಜನ ನಮ್ಮ ಬಸ್ಸಿಗೇ ಕಾಯುತ್ತಿದ್ದರು, ನಿಂತುಕೊಂಡು ಬರಲೂ ತಯಾರು ಎಂದರು. ಕಂಪ್ಯೂಟರ್ ಮತ್ತೆ ಅಗಿಯಿತು. ನನ್ನ ಗಂಡ ‘ಬಹಿರ್ಮುಖಿ, ಜನರಂಜಕ’.

ನನಗೆ ಗರ ಬಡಿದಂತಾಯಿತು. ಒಬ್ಬ ಗಂಡನ ಜೊತೆ ಅಷ್ಟು ವರ್ಷ ಬಾಳಿ, ಈಗ ನೋಡಿದರೆ ಅವರು ಬೇರೆ ಯಾರೋ. ನೀವು ಯಾವುದೋ ಬೇರೆ ಬಸ್ಸು ಹತ್ತಿದ್ದಿರಿ ಎಂದು ಕಂಡಕ್ಟರಣ್ಣನ ಮೇಲೆ ಹರಿಹಾಯ್ದೆ. ಆ ಬೋರ್ಡು ಇರಲಿಲ್ಲವಾ ಎಂದು ಕೇಳಿದೆ.

“ಬೋರ್ಡು ಪ್ಯಾಸೆಂಜರಿಗೆ ಹಾಕಿದ್ದು ಅತ್ತಿಗೆ. ಡ್ರೈವರ್ ಮಾತಾಡಬಾರದು ಅಂತ ಎಲ್ಲೂ ಬರೆದಿರಲಿಲ್ಲ.”

“ಅಷ್ಟೊಂದು ಏನು ಮಾತಾಡ್ತಿದ್ರು?”

ಕಂಡಕ್ಟರಣ್ಣ ಖಾಲಿ ಕಪ್ಪಿನೊಳಗೆ ಏನೋ ಹುಡುಕಿದರು. “ನಿಮ್ಮ ವಿಷಯಾನೇ. ಆ ಕೊಡೆ ಕಥೆ ಇತ್ತಲ್ಲ, ಅದನ್ನ ಜನ ಕೇಳಿ ಕೇಳಿ ಹೇಳಿಸ್ತಿದ್ರು. ನಿಮ್ಮ ದನಿ ತೆಗೆದು ಹೇಳೋನು, ಕೈ ಸ್ಟೀರಿಂಗ್ ಮೇಲೇ ಇರ್ತಿತ್ತು.”

ಕೊಡೆಯ ಕಥೆ ಇಷ್ಟೇ. ಒಂದು ಸಲ ನಾನು ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಯೆಲ್ಲ ಕೊಡೆ ಹುಡುಕಿದೆ. ಸಿಗದೆ, ಪಕ್ಕದ ಮನೆಯಾಕೆಯೇ ಒಯ್ದಿದ್ದಾಳೆಂದು ಅವಳ ಬಾಗಿಲಿಗೆ ಹೋಗಿ ಜಗಳ ತೆಗೆದೆ. ಜಗಳದ ಕಾವಿನಲ್ಲಿ ಆ ಕೊಡೆಯನ್ನೇ ಅವಳ ಮುಖದ ಮುಂದೆ ಆಡಿಸಿ, ‘ಎಲ್ಲಿಟ್ಟಿದ್ದೀಯ ಹೇಳು’ ಎಂದು ಕೇಳಿದೆ. ಯಾರ ಮನೆಯಲ್ಲೂ ನಡೆಯದಂಥದ್ದೇನಲ್ಲ. ಅಂದು ಸಂಜೆ ಯಜಮಾನರಿಗೆ ಹೇಳಿಕೊಂಡು ಅತ್ತಿದ್ದೆ. ಅವರು ಹೂಂ ಎಂದಿದ್ದರು, ಕೊನೆ ಮೇಲೇರುವ ಹೂಂ.

ಈಗ ನನಗೆ ಒಂದೊಂದೇ ನೆನಪಾಗತೊಡಗಿತು. ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದಾಕೆ, “ಅಮ್ಮಾ, ಕೊಡೆ ಸಿಕ್ತಾ?” ಎಂದು ಕೇಳಿದ್ದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮುನ್ನ ನರ್ಸ್ ಕೇಳಿದ್ದಳು. ಮಕ್ಕಳ ಶಾಲೆಯ ಗೇಟು ಕಾಯುವವನು ಮಳೆಗಾಲವಲ್ಲದ ಕಾಲದಲ್ಲೂ ಕೇಳುತ್ತಿದ್ದ. ಊರಿನ ಜನಕ್ಕೆ ಪರರ ಕೊಡೆಯ ಮೇಲೆ ಎಷ್ಟು ಕಾಳಜಿ ಎಂದು ನಾನು ಮೆಚ್ಚಿಕೊಂಡಿದ್ದೆ. ನಿಂತು, ವಿನಯದಿಂದ, “ಸಿಕ್ತಪ್ಪ, ಮನೇಲೇ ಇತ್ತು” ಎಂದು ಉತ್ತರವನ್ನೂ ಕೊಟ್ಟಿದ್ದೆ.

“ಹಾಗಾದ್ರೆ ನಿನ್ನ ಸಾಕ್ಷಿ ಬಿದ್ದುಹೋಯ್ತು ಅಜ್ಜಿ,” ಎಂದು ಮೊಮ್ಮಗಳು ಕಂಪ್ಯೂಟರ್ ಮುಚ್ಚಿದಳು. “ತಾತ ಮೌನಿ ಅಲ್ಲವೇ ಅಲ್ಲ.”

ಅವಳ ಮದುವೆ ಮುರಿದುಬಿತ್ತು, ಅದರ ಜೊತೆ ನನ್ನದೂ ಅರ್ಧ ಮುರಿದ ಹಾಗಾಯಿತು. ಊರಿಗೆಲ್ಲ ಹಂಚಿದ ಮಾತಿನಲ್ಲಿ ನನಗೆಂದು ಒಂದೂ ಉಳಿಸಲಿಲ್ಲವಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ. “ನನ್ನ ಹತ್ರ ಯಾಕೆ ಆಡ್ಲಿಲ್ಲ ಕಂಡಕ್ಟರಣ್ಣ?”

“ನಾನೂ ಒಂದ್ಸಲ ಕೇಳಿದ್ದೆ ಅತ್ತಿಗೆ. ‘ಅವಳು ಮಾತಾಡುವಾಗ ನಾನು ಬಾಯಿ ಹಾಕಿದ್ರೆ ಒಂದೆರಡು ಮಾತು ತಪ್ಪಿಹೋಗುತ್ತೆ ಕಣಯ್ಯ. ಬೆಳಗ್ಗೆ ಮೊದಲ ಟ್ರಿಪ್ಪಿಗೆ ಏನು ಹೇಳ್ಲಿ?’ ಅಂದ.”

ನಾನು ಕಂಡಕ್ಟರಣ್ಣನ ಖಾಲಿ ಕಪ್ಪಿಗೆ ಮತ್ತೆ ಟೀ ಬಗ್ಗಿಸಿದೆ. ಮೊಮ್ಮಗಳು ಸ್ವಲ್ಪ ಹೊತ್ತು ಆ ಕುರ್ಚಿಯನ್ನೇ ನೋಡಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು.

ಹೋದದ್ದು ಕನ್ನಡಕದ ಅಂಗಡಿಗೆ. ಹುಡುಗ ಒಳಗೆ ಯಾರದೋ ಕಣ್ಣು ನೋಡುತ್ತಿದ್ದನಂತೆ. ಗಾಜು ಒರೆಸುತ್ತಿದ್ದ ಹೆಣ್ಣುಮಗಳು ಇವಳನ್ನು ಮೇಲಿಂದ ಕೆಳಗೆ ನೋಡಿ, ಲಿಫ್ಟಿನ ಕನ್ನಡಿಯಲ್ಲಿ ತನ್ನನ್ನೇ ಕಂಡು ‘ಸ್ವಲ್ಪ ಜಾಗ ಬಿಡಿ’ ಎಂದು ಕೇಳಿದವರು ನೀವೇನಾ ಎಂದಳಂತೆ. ಅಂಗಡಿಯಲ್ಲಿ ಇವಳ ಕಥೆ ಹೇಳತೊಡಗಿದರೆ ಅವನ ಬಾಯಿ ಮುಚ್ಚಿಸುವವರೇ ಇಲ್ಲವಂತೆ. ಇದನ್ನೆಲ್ಲ ಹೇಳುವಾಗ ಹುಡುಗಿಯ ಮುಖ ಆ ಚಿತ್ರಪಟಕ್ಕಿಂತ ಕೆಂಪಾಗಿತ್ತು. ಆದರೆ ಬೇಡ ಎನ್ನುವ ಮಾತು ಆಮೇಲೆ ಬರಲಿಲ್ಲ.

ಭಾನುವಾರ ಹುಡುಗ ಬಂದ. ಮಗ, ಸೊಸೆ ಕೇಳಿದ್ದಕ್ಕೆಲ್ಲ ತಲೆಯಾಡಿಸಿದ, ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತ, ಮೊಮ್ಮಗಳು ಹೇಳಿದ್ದನ್ನೆಲ್ಲ ಕೇಳಿದ. ಎಲ್ಲವೂ ಒಪ್ಪಿತವಾಯಿತು. ನಾನು ಅವನಿಗೆ ಯಾವ ಕಥೆಯನ್ನೂ ಕೊಡಬಾರದೆಂದು ಪಣ ತೊಟ್ಟು ತುಟಿ ಬಿಗಿದುಕೊಂಡಿದ್ದೆ. ಹೊರಡುವಾಗ ಬಾಗಿಲಲ್ಲಿ ನಿಂತು ಮೋಡ ನೋಡಿ, ಆ ದಿನದ ಮೊದಲ ಮಾತು ಆಡಿದ.

“ಅಜ್ಜಿ, ಕೊಡೆ ಸಿಕ್ತಾ?”

ಮೊಮ್ಮಗಳು ಅದನ್ನೂ ದಾಟಿಸಿದ್ದಾಳೆ. ಆದರೂ ದೊಡ್ಡವಳು ನಾನು, ಆಗಲೇ ನಾಲ್ಕು ಹನಿಯೂ ಬಿತ್ತು. ಇರಪ್ಪಾ, ನನ್ನ ಕೊಡೆಯನ್ನೇ ತೆಗೆದುಕೊಂಡು ಹೋಗು ಎಂದು ಗಂಭೀರವಾಗಿ ಒಳಗೆ ಹೋದೆ. ಬಾಗಿಲ ಹಿಂದೆ ಇರಲಿಲ್ಲ. ಮಂಚದ ಕೆಳಗಿರಲಿಲ್ಲ. ಬೀರುವಿನ ಮೇಲೂ ಇರಲಿಲ್ಲ. ಮನೆಯಲ್ಲಿ ಇಟ್ಟ ಒಂದು ವಸ್ತುವಾದರೂ ಇಟ್ಟ ಜಾಗದಲ್ಲಿ ಇರುತ್ತದೆಯೇ ಎಂದು ಸೊಸೆಯನ್ನೂ ಮೊಮ್ಮಗಳನ್ನೂ ಒಟ್ಟಿಗೆ ಬೈಯುತ್ತಾ ಹೊರಗೆ ಬಂದೆ. ಎಲ್ಲರೂ ನನ್ನನ್ನೇ ನೋಡುತ್ತಾ ನಿಂತಿದ್ದರು. ಮುಖದ ಕಡೆಗಲ್ಲ, ಸ್ವಲ್ಪ ಕೆಳಗೆ, ಎಡಗಡೆಯ ಕಂಕುಳಿನ ಕಡೆಗೆ.

ಹುಡುಗ ನಗಲಿಲ್ಲ. ಕೊಡೆಯನ್ನು ಮೆಲ್ಲಗೆ ಬಿಡಿಸಿಕೊಂಡು, “ಹೂಂ” ಎಂದ. ಕೊನೆ ಸ್ವಲ್ಪ ಮೇಲೇರಿತ್ತು.

ಸೋಮವಾರ ಕನ್ನಡಕದ ಅಂಗಡಿಯಲ್ಲಿ ಏನು ನಡೆಯಿತೋ ನನಗೆ ಗೊತ್ತಿಲ್ಲ. ಕಡ್ಡಿ ಮತ್ತೆ ಒತ್ತುತ್ತಿದೆ, ಆದರೂ ಆ ಕಡೆ ನಾನು ಹೋಗಿಲ್ಲ.