ಬೇವಿನ ಸಿಪ್ಪೆಯ ಅಡಿಕೆ ಡಬ್ಬಿ

ಆಡಿದ ಮಾತಿಗೆ ಆಮೇಲೆ ಪೇಚಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ಆ ರೋಗವಿಲ್ಲ. ಸಾರು ಉಪ್ಪಾಗಿದ್ದರೆ ಬೀಗರ ಮನೆಯಲ್ಲೂ ಉಪ್ಪಾಗಿದೆ ಎಂದೇ ಹೇಳಿ ಕೈ ತೊಳೆದವಳು ನಾನು. ಆದರೆ ಒಂದು ಅಡಿಕೆ ಡಬ್ಬಿಯ ವಿಷಯದಲ್ಲಿ ಆಡದೆ ಉಳಿದ ಮಾತೊಂದು ಇನ್ನೂ ಗಂಟಲಲ್ಲೇ ಕೂತಿದೆ.

ಸುರಪುರದಲ್ಲಿ ನಮ್ಮದು ಕಟ್ಟಿಗೆ ತಿರುವುವ ಮನೆ. ಲಟ್ಟಣಿಗೆ, ಕಡಗೋಲು, ಬುಗುರಿ, ಇಂಥವು. ಮೊದಲು ಗಂಡ ಉಳಿ ಹಿಡಿಯುತ್ತಿದ್ದ, ನಾನು ಹಗ್ಗ ಜಗ್ಗಿ ಕಟ್ಟಿಗೆ ತಿರುಗಿಸುತ್ತಿದ್ದೆ. ಅವನು ಹೋದ ಮೇಲೆ ನನ್ನ ಜಾಗಕ್ಕೆ ಮೋಟಾರು ಬಂತು, ಅವನ ಜಾಗಕ್ಕೆ ನಾನು ಬಂದೆ. ಮೋಟಾರು ನನಗಿಂತ ಚೆನ್ನಾಗಿ ತಿರುಗಿಸುತ್ತದೆ, ಎದುರು ಮಾತಾಡುವುದೂ ಇಲ್ಲ.

ಪಕ್ಕದ ಮನೆ ಮಾಬೂಬಿಯದು. ಎರಡು ಮನೆಗಳ ನಡುವೆ ಒಂದು ಬೇವಿನ ಮರ. ಅದಕ್ಕೆ ಬೆನ್ನು ಕೊಟ್ಟು ಕೂತು, ಎಲೆ ಅಡಿಕೆ ಜಗಿಯುತ್ತ, ನಾವಿಬ್ಬರೂ ಊರಿನವರನ್ನೆಲ್ಲ ಜಗಿದಿದ್ದೇವೆ. ಮಾಬೂಬಿ ಒಳ್ಳೆಯವಳೇ, ಆದರೆ ಕೈ ಹಚ್ಚಿದ ಯಾವ ಕೆಲಸವನ್ನೂ ಮುಗಿಸುವವಳಲ್ಲ. ಅಕ್ಕಿ ಆರಿಸಿದರೆ ಹರಳು ಉಳಿಯುತ್ತಿತ್ತು, ಕೌದಿ ಹೊಲಿದರೆ ಒಂದು ಮೂಲೆ ಉಳಿಯುತ್ತಿತ್ತು.

"ಒಂದ್ ಕೆಲಸರ ಪೂರಾ ಮಾಡೀಯೇನ್ಬೇ ಜಲ್ಮದಾಗ?" ಎಂದು ದಿನಾ ಬೈಯುತ್ತಿದ್ದೆ.

"ಎಲ್ಲಾ ಪೂರಾ ಮಾಡಿದ್ರ ನಿನಗ ಬೈಯಾಕ ಏನ್ ಉಳೀತದ, ನಿಂಗವ್ವಾ?" ಎಂದು ನಗುತ್ತಿದ್ದಳು.

ಈ ಸಲ ಯುಗಾದಿಯ ಹೊತ್ತಿಗೆ ಗಟಾರ ಅಗಲ ಮಾಡುತ್ತೇವೆಂದು ಮರ ಕಡಿದರು. ಅದೇ ಹೊತ್ತಿಗೆ ಶಹಾಪುರದಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟ ಮಗಳು ಬಾಣಂತಿಯಾಗಿ, ಮಾಬೂಬಿ ಅಲ್ಲಿಯೇ ಇರಲು ಹೊರಟಳು. ಮಣಿಕಟ್ಟು ದಪ್ಪದ ಒಂದು ಟೊಂಗೆ ಎತ್ತಿಟ್ಟುಕೊಂಡೆ. ಅವಳಿಗೊಂದು ಅಡಿಕೆ ಡಬ್ಬಿ ಮಾಡಿ, ನಡುವಿಗೆ ಪಟ್ಟಿಯ ಹಾಗೆ ಸಿಪ್ಪೆ ಉಳಿಸಬೇಕೆಂದುಕೊಂಡೆ. ಸಿಪ್ಪೆ ಸುಲಿದರೆ ಬೇವೋ ಜಾಲಿಯೋ ನನ್ನಂಥವಳೇ ಮೂಸಿ ಹೇಳಬೇಕು. ಸಿಪ್ಪೆ ಇದ್ದರೆ, ಅದಕ್ಕೆ ಬೆನ್ನು ತಿಕ್ಕಿಕೊಂಡು ಮುದುಕಿಯಾದವಳಿಗೆ ಬೆರಳಿಗೇ ಗೊತ್ತಾಗುತ್ತದೆ.

ಆದರೆ ಚಿಗುರಿನ ಕಾಲದಲ್ಲಿ ಕಡಿದ ಮರದ ಸಿಪ್ಪೆ ಕಟ್ಟಿಗೆಗೆ ಅಂಟಿಕೊಂಡು ನಿಲ್ಲುವುದಿಲ್ಲ. ಮೊದಲ ಡಬ್ಬಿಯದು ಹಾರಿ ಗೋಡೆಗೆ ಬಡಿಯಿತು. ಎರಡನೆಯದು ನನ್ನ ಹಣೆಗೆ ಬಡಿಯಿತು. ಗಂಡ ಕೂಡ ನನ್ನ ಹಣೆಯ ತಂಟೆಗೆ ಬಂದಿರಲಿಲ್ಲ. ಮೂರನೆಯದಕ್ಕೆ ಉಸಿರು ಬಿಗಿಹಿಡಿದು ಉಳಿ ಆನಿಸಿದೆ. ಸಿಪ್ಪೆ ನಿಂತಿತು.

ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟೆ. ಮಾಬೂಬಿ ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟ್ ಅವಸರ ಮಾಡಿ ಯಾಕ ಮಾಡಿದಿ?"

ಇದು ನಮ್ಮ ಬೇವಿನ ಗಿಡದ್ದಬೇ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬೈಗುಳವಾಗಿದ್ದರೆ ತಾನಾಗೇ ಬರುತ್ತಿತ್ತು. ಇದು ಬರಲಿಲ್ಲ. "ಮೋಟಾರ್ ಖಾಲಿ ಇತ್ತು, ಮಾಡೀನಿ. ಹತ್ತು, ಬಸ್ ಹೊಂಟದ," ಎಂದೆ.

ತಿಂಗಳು ಬಿಟ್ಟು ಶಹಾಪುರಕ್ಕೆ ಹೋದೆ. ಮಾಬೂಬಿ ಕೂಸನ್ನು ತೋರಿಸುವ ಮೊದಲು ಡಬ್ಬಿ ತಂದು ಮುಂದಿಟ್ಟಳು. ನುಣ್ಣಗೆ, ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿತ್ತು.

"ನನ್ನ ಬಸ್ಸಿನ ಅವಸರಕ್ಕ ನೀ ಅರ್ಧಾ ಬಿಟ್ಟಿದ್ದಿ ಅಲ್ಲ? ಗಾಜಿನ ಚೂರ್ ತಗೊಂಡು ಕೆರದು ನಾನೇ ಪೂರಾ ಮಾಡೀನಿ. ಬೆರಳ್ ನೋಡಿಲ್ಲಿ, ಕೊಯ್ಕೊಂಡೀನಿ. ಈಗರ ಶಬ್ಬಾಸ್ ಅನ್ನು!"

ಎಲ್ಲಾದರೂ ಸಿಪ್ಪೆಯ ಒಂದು ಚೂರು ಉಳಿದಿದೆಯೇ ಎಂದು ಉಗುರಾಡಿಸಿ ಹುಡುಕಿದೆ. ಹರಳು ಬಿಟ್ಟವಳು, ಕೌದಿಯ ಮೂಲೆ ಬಿಟ್ಟವಳು, ಇದೊಂದರಲ್ಲಿ ಎಳೆಯಷ್ಟೂ ಬಿಟ್ಟಿರಲಿಲ್ಲ.

"ಶಬ್ಬಾಸ್," ಎಂದೆ.

ನನ್ನ ಬಾಯಲ್ಲಿ ಆ ಮಾತು ಕೇಳಿ ಹಿಗ್ಗಿದವಳೇ, ಮಗಳ ಗ್ಯಾಸನ್ನು ಬಿಟ್ಟು ಹಿತ್ತಲ ಒಲೆಯ ಮೇಲೆ ಚಹಾ ಕಾಸಿ ತಂದಳು.

"ಕೆರೆದ ಸಿಪ್ಪಿ ಏನ್ ಮಾಡಿದಿ?" ಎಂದು ಕೇಳಿದೆ.

"ಚೆಲ್ತೀನೇನ್ ಮತ್ತ? ನೀ ಬಂದಾಗ ಚಹಾಕ್ಕ ಒಲಿ ಹಚ್ಚಾಕಂತ ತೆಗೆದಿಟ್ಟಿದ್ದೆ. ಛಲೋ ಒಣಗಿತ್ತು, ಭರ್ ಅಂತ ಹತ್ತಿತು. ಹ್ಯಾಂಗ್ ಆಗ್ಯಾದ ಚಹಾ?"

"ಸಕ್ಕರಿ ಕಡಿಮಿ ಆಗ್ಯಾದ," ಎಂದೆ.

"ಹಾಂ! ಈಗ ನಮ್ಮ ನಿಂಗವ್ವ ಬಂದಳು ನೋಡು," ಎಂದು ನಗುತ್ತ ಸಕ್ಕರೆ ತರಲು ಎದ್ದಳು.

ಸಕ್ಕರೆ ಸರಿಯಾಗಿಯೇ ಇತ್ತು.