ಒಂದೇ ಪಾಸ್‌ವರ್ಡ್, ಎರಡು ಊರು

ಬಸ್ಸಿನಲ್ಲಿ ಕೂತು ಪಾಸ್‌ವರ್ಡ್ ಬದಲಾಯಿಸಿದ್ದೇ ಉಜ್ಜನಪ್ಪ ಮಾಡಿದ ತಪ್ಪು. ತಿಂಗಳಿಗೊಮ್ಮೆ ಬದಲಾಯಿಸದಿದ್ದರೆ ಒಳಗೆ ಬಿಡುವುದಿಲ್ಲವೆಂದು ಬೆಳಿಗ್ಗೆ ಮೊಬೈಲು ಗದರಿಸಿತ್ತು. ಮೊದಲೆಲ್ಲ ಹಾಜರಿಗೊಂದು, ರಜೆಗೊಂದು, ಪಾಲಿಸಿಗೊಂದು ಪಾಸ್‌ವರ್ಡ್ ಇದ್ದವು. ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿದರೆ ಮುಗಿಯಿತು. ಈಗ ಎಲ್ಲದಕ್ಕೂ ಒಂದೇ. ಅನುಕೂಲ ಮಾಡಿಕೊಡುತ್ತೇವೆಂದು ಬಂದವರ ಮನೆ ಹಾಳಾಗ.

ಶಿವಮೊಗ್ಗದ ವಿದ್ಯಾನಗರದಿಂದ ವಿಮಾ ಕಚೇರಿಯ ಭದ್ರಾವತಿ ಶಾಖೆಗೆ ಅವನು ಎಂಟು ವರ್ಷದಿಂದ ಬಸ್ಸಿನಲ್ಲಿ ನೇತಾಡುತ್ತಿದ್ದ. ಶಿವಮೊಗ್ಗಕ್ಕೆ ವರ್ಗ ಕೇಳುವ ಅರ್ಜಿಗೆ ಇವತ್ತು ಸಂಜೆ ಐದೇ ಗಡುವು. ತಪ್ಪಿದರೆ ಇನ್ನು ಮೂರು ವರ್ಷ ಕಾಯಬೇಕು.

ಹತ್ತೂಕಾಲಿಗೆ ಶಾಖೆಗೆ ಬಂದರೆ ಪಕ್ಕದ ಮೇಜಿನ ತನುಜಾ ಕೈ ಹಿಸುಕಿಕೊಂಡು ನಿಂತಿದ್ದಳು. ಬಸ್ಸು ತಡವಾದವರ ಹಾಜರಿಯನ್ನು ಮೊದಲು ಬಂದವರು ಹಾಕುವುದು ಅಲ್ಲಿಯ ಪದ್ಧತಿ. ಎಲ್ಲರ ಪಾಸ್‌ವರ್ಡೂ ಎಲ್ಲರಿಗೂ ಬಾಯಿಪಾಠ.

"ಸಾರ್, ನಿಮ್ಮ ಹಾಜರಿ ಹಾಕಕ್ಕೆ ಹೋದೆ. ಮೂರು ಸಲ ತಪ್ಪು ಅಂತು. ಆಮೇಲೆ ಲಾಕ್ ಆಗೋಯ್ತು."

"ಮೊದಲನೇ ಸಲಕ್ಕೇ ನಿಲ್ಲಿಸ್ಬೇಕು ತಾನೇ ಮಾರಾಯ್ತಿ? ಇವತ್ತು ಅರ್ಜಿ ಹಾಕ್ಬೇಕು ನಾನು."

"ಹೊಸದು ಇಟ್ಟಿದೀನಿ ಅಂತ ನೀವು ಹೇಳ್ಬೇಕಲ್ವಾ?"

ಉಜ್ಜನಪ್ಪನ ಪಿತ್ತ ನೆತ್ತಿಗೇರಿತು. ನಡುಮನೆಯಲ್ಲಿ ಜಗಳಕ್ಕೆ ನಿಂತವನಂತೆ ಶಾಖೆಯ ಮಧ್ಯೆ ನಿಂತು ಕೂಗಿದ. "ಎಲ್ರೂ ಬರ್ಕೊಳ್ರಿ. ಹಾಳಾಗ್ಹೋಗು, ಒಂದು, ಎರಡು, ಮೂರು. ಇನ್ನು ಹಳೇದು ಹಾಕಿದ್ರೆ ಸುಮ್ನಿರಲ್ಲ."

ಮ್ಯಾನೇಜರ್ ಷಡಕ್ಷರಪ್ಪ ಗಾಜಿನ ಕೋಣೆಯಿಂದ ತಲೆ ಹೊರಹಾಕಿದರು. "ಯಾರಿಗ್ರೀ ಬೈತಿರೋದು?"

"ಪಾಸ್‌ವರ್ಡ್ ಸಾರ್ ಅದು."

"ಲಾಕ್ ತೆಗೆಯೋದು ನನ್ನ ಕೈಲಿಲ್ಲ. ಶಿವಮೊಗ್ಗಕ್ಕೆ, ಸವಳಂಗ ರಸ್ತೆ ಆಫೀಸಿಗೆ ಖುದ್ದಾಗಿ ಹೋಗಿ."

ಬಂದ ದಾರಿಗೆ ಸುಂಕವಿಲ್ಲ ಎಂದು ಉಜ್ಜನಪ್ಪ ಮತ್ತೆ ಬಸ್ಸು ಹತ್ತಿದ. ಸವಳಂಗ ರಸ್ತೆಯಲ್ಲಿ ಕಂಪ್ಯೂಟರ್ ವಿಭಾಗದ ದುಶ್ಯಂತ್ ಯಾವುದೋ ಮೀಟಿಂಗಿನಲ್ಲಿದ್ದ. ಹೊರಗೆ ಬಂದಾಗ ನಾಲ್ಕು ದಾಟಿತ್ತು. ಗುರುತಿನ ಚೀಟಿಯ ಫೋಟೋ ನೋಡಿದ, ಉಜ್ಜನಪ್ಪನ ತಲೆ ನೋಡಿದ.

"ಇದು ನೀವೇನಾ ಸಾರ್?"

"ಎಂಟು ವರ್ಷ ಆ ಬಸ್ಸಲ್ಲಿ ಓಡಾಡಿದ್ರೆ ನಿಂಗೂ ಕೂದಲು ಉಳೀತಿರ್ಲಿಲ್ಲ ಕಣಯ್ಯ."

ನಾಲ್ಕೂ ಮುಕ್ಕಾಲಿಗೆ ಲಾಕ್ ತೆಗೆಯಿತು. "ಪಾಸ್‌ವರ್ಡ್ ಬೇರೆ ಇಟ್ಕೊಳ್ತೀರಾ?" ಎಂದ ದುಶ್ಯಂತ್.

"ಬೇಡಪ್ಪ, ಬೆಳಿಗ್ಗೆಯಿಂದ ಅದೇ ಗೋಳು."

ಅರ್ಜಿ ತುಂಬಿ ಮುಗಿಸಿದಾಗ ಐದಕ್ಕೆ ಮೂರು ನಿಮಿಷ. ಉಜ್ಜನಪ್ಪ ಮನೆದೇವರನ್ನು ನೆನೆದು ಕಳುಹಿಸುವ ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ಅರ್ಜಿಯೇ ಮಾಯವಾಗಿ ಕೆಂಪಕ್ಷರ ಮೂಡಿತು. "ನೀವು ಭದ್ರಾವತಿಯಲ್ಲಿ ಲಾಗಿನ್ ಆಗಿದ್ದೀರಿ. ಇಲ್ಲಿಯ ಲಾಗಿನ್ ರದ್ದಾಗಿ ಲಾಕ್ ಆಗಿದೆ."

ಅಷ್ಟರಲ್ಲಿ ಫೋನು ಬಂತು. ತನುಜಾ.

"ಸಾರ್, ನೀವು ಬೈದಿದ್ದು ಮನಸ್ಸಿಗೆ ಹತ್ತಿತ್ತು. ಲಾಕ್ ತೆಗೆದ್ರಾ ಅಂತ ಆಗಾಗ ನೋಡ್ತಾನೇ ಇದ್ದೆ. ಈಗ ಹೊಸ ಪಾಸ್‌ವರ್ಡ್ ಒಂದೇ ಸಲಕ್ಕೆ ತಗೊಳ್ತು. ಹಾಜರಿ ಹಾಕಿದೀನಿ. ನೀವು ಆರಾಮಾಗಿ ಮನೆಗೆ ಹೋಗಿ."

ಉಜ್ಜನಪ್ಪ ಫೋನು ಇಟ್ಟು ದುಶ್ಯಂತನ ಕೈ ಹಿಡಿದುಕೊಂಡ. "ಇನ್ನೂ ಎರಡು ನಿಮಿಷ ಇದೆ. ಇನ್ನೊಂದು ಸಲ ತೆಗೆದುಕೊಡು ಮಾರಾಯ."

"ಆಗಲ್ಲ ಸಾರ್. ಖುದ್ದಾಗಿ ಬಂದವರಿಗೆ ಮಾತ್ರ."

"ನಿನ್ನ ಎದುರಿಗೇ ಕೂತಿದೀನಲ್ಲೋ!"

ದುಶ್ಯಂತ್ ಪರದೆಯನ್ನು ಅವನ ಕಡೆ ತಿರುಗಿಸಿದ. "ಎಲ್ಲಿ ಸಾರ್? ನೀವು ಭದ್ರಾವತೀಲಿದೀರಿ. ಈಗ ತಾನೇ ಹಾಜರಿ ಹಾಕಿದೀರಿ, ನೋಡಿ."